ಇದ್ದಿಲು ಮತ್ತು ತಿಳಿನೀರಿನ ವಿಷ

ಸುಗ್ಗಿಯ ಕಾಲದಲ್ಲಿ ಹಾವೇರಿಯಿಂದ ಅಗಡಿಯ ಕಡೆಗೆ ಹೊರಟವರಿಗೆ ದಾರಿಯುದ್ದಕ್ಕೂ ಕಣಗಳು ಕಾಣುತ್ತವೆ. ಕಣದ ಒಂದು ಬದಿಯಲ್ಲಿ ಗೋವಿನಜೋಳದ ಕಾಳಿನ ರಾಶಿ. ಇನ್ನೊಂದು ಬದಿಯಲ್ಲಿ ಕಾಳು ಬಿಡಿಸಿದ ಮೇಲೆ ಉಳಿದ ಬೆಂಡುಗಳ ರಾಶಿ. ಮೊದಲನೆಯದಕ್ಕೆ ಹಗಲಿರುಳು ಕಾವಲುಂಟು, ಎರಡನೆಯದನ್ನು ಕೇಳುವವರಿಲ್ಲ. ಒಲೆಗೆ ಆದಷ್ಟು ಆಯಿತು, ಉಳಿದದ್ದು ಹೊಲದ ಬದುವಿನಲ್ಲಿ ಉರಿದು ಬೂದಿಯಾಗುತ್ತದೆ. ಈ ಬೆಂಡನ್ನು ಬೂದಿಯಾಗಗೊಡದೆ ಇದ್ದಿಲಾಗಿಸಿ, ಆ ಇದ್ದಿಲಿಗೆ ತಕ್ಕ ಸಂಸ್ಕಾರ ಕೊಟ್ಟರೆ, ಅದು ನೀರಿನಲ್ಲಿ ಕರಗಿರುವ ಸೀಸದಂಥ ವಿಷವನ್ನು ಹಿಡಿದಿಡಬಲ್ಲುದು ಎಂದರೆ ಮೊದಲ ಸಲಕ್ಕೆ ಯಾರೂ ನಂಬಲಾರರು. ಆದರೆ ಅದು ಪ್ರಯೋಗಾಲಯಗಳಲ್ಲಿ ಹಲವು ಬಾರಿ ಕಂಡುಕೊಂಡ ಸಂಗತಿ. ಬೆಂಡಷ್ಟೇ ಅಲ್ಲ, ತೆಂಗಿನ ಚಿಪ್ಪು, ಶೇಂಗಾ ಸಿಪ್ಪೆ, ಹತ್ತಿಯ ಕಟ್ಟಿಗೆ ಇವೆಲ್ಲ ಈ ಕೆಲಸಕ್ಕೆ ಒದಗುವ ವಸ್ತುಗಳೇ.

ಅಗಡಿ ನನ್ನ ತಾಯಿಯ ತವರೂರು. ಒಂದು ಕಾಲಕ್ಕೆ ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆಯಿಂದಾಗಿ ಕನ್ನಡ ನಾಡಿಗೆಲ್ಲ ಪರಿಚಿತವಾಗಿದ್ದ ಊರು ಅದು. ಬೇಸಿಗೆಯ ರಜೆಯಲ್ಲಿ ಅಲ್ಲಿಗೆ ಹೋದಾಗ ಅಜ್ಜಿಯ ಅಡುಗೆಮನೆಯಲ್ಲಿ ನನ್ನನ್ನು ಬಹಳವಾಗಿ ಸೆಳೆಯುತ್ತಿದ್ದುದು ಮರದ ಚೌಕಟ್ಟಿನಲ್ಲಿ ಒಂದರ ಮೇಲೊಂದು ಕುಳಿತಿದ್ದ ಮೂರು ಗಡಿಗೆಗಳು. ಮೇಲಿನ ಗಡಿಗೆಯಲ್ಲಿ ಇದ್ದಿಲಿನ ಚೂರುಗಳು, ನಡುವಿನದರಲ್ಲಿ ತೊಳೆದ ಮರಳು. ಎರಡರ ತಳದಲ್ಲಿಯೂ ಬತ್ತಿ ತೂರಿಸಿದ ಸಣ್ಣ ತೂತು. ಮೇಲೆ ಸುರಿದ ಕೆರೆಯ ನೀರು ತೊಟ್ಟು ತೊಟ್ಟಾಗಿ ಇಳಿದು ಕೆಳಗಿನ ಗಡಿಗೆಯಲ್ಲಿ ತಿಳಿಯಾಗಿ ನಿಲ್ಲುತ್ತಿತ್ತು. ಕರಿಯ ಇದ್ದಿಲನ್ನು ದಾಟಿದ ನೀರು ಬೆಳ್ಳಗೆ ಹೇಗೆ ಬಂದೀತೆಂದು ನಾನು ಕೇಳಿದಾಗ ಅಜ್ಜಿ ಹೇಳಿದ ಮಾತು ಇಂದಿಗೂ ನೆನಪಿದೆ: “ನೀರಾಗಿನ ಹೊಲಸು ವಾಸನಿ ಇದ್ದಲಿ ನುಂಗತೈತಿ ತಮ್ಮಾ. ಆದ್ರ ಅದರ ಹೊಟ್ಟಿ ತುಂಬಿದ ಮ್ಯಾಲ ಅದೂ ನುಂಗೂದಿಲ್ಲ.” ತಿಂಗಳಿಗೊಮ್ಮೆ ಅವರು ಹಳೆಯ ಇದ್ದಿಲನ್ನು ತಿಪ್ಪೆಗೆ ಚೆಲ್ಲಿ ಹೊಸದನ್ನು ತುಂಬುತ್ತಿದ್ದರು.

ಆ ಮೂರು ಗಡಿಗೆಗಳ ಶೋಧಕವು ಮಣ್ಣಿನ ಕದಡನ್ನು ತಡೆಯುತ್ತಿತ್ತು, ಕೊಳೆತ ಎಲೆಯ ವಾಸನೆಯನ್ನು ಕಳೆಯುತ್ತಿತ್ತು. ರೋಗಾಣುಗಳು ಉಳಿದಿರಬಹುದೆಂಬ ಸಂಶಯವಿದ್ದರೆ ನೀರನ್ನು ಕಾಯಿಸಿ ಕುಡಿಯಬಹುದಾಗಿತ್ತು. ಆದರೆ ಕದಡೂ ಇಲ್ಲದ, ವಾಸನೆಯೂ ಇಲ್ಲದ, ಕಾಯಿಸಿದರೂ ಹೋಗದ ಕೇಡು ನೀರಿನಲ್ಲಿದ್ದರೆ? ಈ ಪಾಠದ ವಿಷಯ ಅದು.

ನೀರು ಕೆಟ್ಟಿದೆಯೆಂದು ನಮಗೆ ತಿಳಿಯುವುದು ಕಣ್ಣು, ಮೂಗು, ನಾಲಗೆಗಳಿಂದ. 1980ರ ದಶಕದಲ್ಲಿ ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದ ಕೆಳಗೆ ತುಂಗಭದ್ರೆಯ ನೀರು ಕಾರ್ಖಾನೆಯ ಕಶ್ಮಲದಿಂದ ಕೆಟ್ಟಿತೆಂದು ನದೀತೀರದ ಹಳ್ಳಿಗಳ ಜನ ಹೋರಾಟಕ್ಕೆ ಇಳಿದರು. ಸಮಾಜ ಪರಿವರ್ತನ ಸಮುದಾಯವೆಂಬ ಸಂಸ್ಥೆಯು ಅವರೊಡನೆ ನಿಂತಿತು. ಅಲ್ಲಿ ನದಿಯೇ ಸಾಕ್ಷಿ ನುಡಿಯಿತು. ನೀರಿನ ಬಣ್ಣ, ಮೂಗಿಗೆ ಬಡಿಯುವ ನಾತ, ತೇಲಿಬಂದ ಸತ್ತ ಮೀನು ಇವನ್ನು ಕಂಡ ಮೇಲೆ ಬೇರೆ ಪುರಾವೆಗಾಗಿ ಹಳ್ಳಿಗನು ಕಾಯಬೇಕಾಗಿರಲಿಲ್ಲ. ಆದರೆ ಸೀಸ, ಪಾದರಸ, ಕ್ಯಾಡ್ಮಿಯಂ, ಆರ್ಸೆನಿಕ್ ಇವು ನೀರಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಕರಗಿರುವಾಗ ಇಂಥ ಯಾವ ಸಾಕ್ಷಿಯನ್ನೂ ನೀಡುವುದಿಲ್ಲ. ಅಂಥ ನೀರು ಹೊಳೆಯುವ ಗಾಜಿನಂತೆ ತಿಳಿಯಾಗಿರುತ್ತದೆ, ರುಚಿಯೂ ಕೆಟ್ಟಿರುವುದಿಲ್ಲ.

ಇವುಗಳನ್ನು ಭಾರಲೋಹಗಳೆಂದು ಕರೆಯುವುದು ವಾಡಿಕೆ. ಒಂದೇ ಗಾತ್ರದ ನೀರಿಗಿಂತ ಇವು ಐದು ಪಟ್ಟಿಗಿಂತಲೂ ಹೆಚ್ಚು ತೂಗುತ್ತವೆ. ಪಾದರಸವಂತೂ ಸುಮಾರು ಹದಿಮೂರೂವರೆ ಪಟ್ಟು ತೂಗುತ್ತದೆ. ಆರ್ಸೆನಿಕ್ ಪೂರ್ಣವಾಗಿ ಲೋಹವೂ ಅಲ್ಲ, ಅಲೋಹವೂ ಅಲ್ಲ. ಆದರೂ ಅದರ ಕೇಡು ಇವುಗಳದೇ ಬಗೆಯದಾದುದರಿಂದ ಇದೇ ಪಂಕ್ತಿಯಲ್ಲಿ ಕೂಡಿಸುತ್ತಾರೆ. ಭಾರಲೋಹಗಳೆಲ್ಲ ವಿಷವೇ ಎಂದು ತಿಳಿಯಬಾರದು. ಸತು, ತಾಮ್ರ, ಕಬ್ಬಿಣಗಳು ತಕ್ಕ ಮಿತಿಯಲ್ಲಿ ನಮ್ಮ ದೇಹಕ್ಕೆ ಬೇಕೇ ಬೇಕು. ಸೀಸಕ್ಕೆ ಮಾತ್ರ ದೇಹದಲ್ಲಿ ಯಾವ ಕೆಲಸವೂ ಇಲ್ಲ. ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಅದು ಕುಂಠಿತಗೊಳಿಸುತ್ತದೆ. ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ಸೇರಿಕೊಂಡು ಕಡೆಗೆ ಎಲುಬುಗಳನ್ನು ದುರ್ಬಲಗೊಳಿಸುತ್ತದೆ. ಜಪಾನಿನ ಜಿಂಜು ನದಿಯ ನೀರಿನಿಂದ ಬತ್ತ ಬೆಳೆದು ಉಂಡ ಜನರಿಗೆ ಬಂದ ಎಲುಬಿನ ಬೇನೆಗೆ ಗಣಿಯಿಂದ ಹರಿದು ಬಂದ ಕ್ಯಾಡ್ಮಿಯಂ ಕಾರಣವೆಂದು ಆ ದೇಶದ ಸರಕಾರವು 1968ರಲ್ಲಿ ಒಪ್ಪಿಕೊಂಡಿತು. ಆ ಬೇನೆಗೆ ಅಲ್ಲಿಯ ಜನರು ಕೊಟ್ಟ ಹೆಸರು ‘ಇತಾಯಿ ಇತಾಯಿ’; ನಮ್ಮ ಮಾತಿನಲ್ಲಿ ಹೇಳುವುದಾದರೆ ‘ಅಯ್ಯೋ ನೋವು, ಅಯ್ಯೋ ನೋವು’. ಅದೇ ದೇಶದ ಮಿನಮಾಟದಲ್ಲಿ ಪಾದರಸದ ಸಂಯುಕ್ತವು ಮೀನಿನ ಮೂಲಕ ಮನುಷ್ಯರ ನರಮಂಡಲವನ್ನು ಹೊಕ್ಕ ಸಂಗತಿ 1956ರಲ್ಲಿ ಬೆಳಕಿಗೆ ಬಂದಿತು.

ದೂರದ ಜಪಾನಿನವರೆಗೂ ಹೋಗಬೇಕಾಗಿಲ್ಲ. ನಮ್ಮ ರಾಜ್ಯದ ಈಶಾನ್ಯ ಭಾಗದಲ್ಲಿ, ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿ ಕಿರದಳ್ಳಿ ತಾಂಡಾ ಎಂಬ ಒಂದು ಚಿಕ್ಕ ನೆಲೆಯಿದೆ. ಅದರ ಸಮೀಪ ಮಂಗಳೂರು ಎಂಬ ಹೆಸರಿನದೇ ಇನ್ನೊಂದು ಊರು. ಕರಾವಳಿಯ ಮಂಗಳೂರಿಗೂ ಇದಕ್ಕೂ ಸಂಬಂಧವಿಲ್ಲ. ಅಲ್ಲಿ ಹಿಂದೆ ಚಿನ್ನದ ಗಣಿಯಿತ್ತು. ಚಿನ್ನ ದೊರೆಯುವ ಶಿಲೆಗಳಲ್ಲಿ ಅನೇಕ ಕಡೆ ಕಬ್ಬಿಣ, ಗಂಧಕಗಳೊಡನೆ ಕೂಡಿಕೊಂಡ ಆರ್ಸೆನಿಕ್ಕೂ ಇರುತ್ತದೆ. ಚಿನ್ನವನ್ನು ಬೇರ್ಪಡಿಸಿ ಉಳಿದ ಪುಡಿಯನ್ನು ಹೊರಗೆ ರಾಶಿ ಹಾಕಿದರೆ ಗಾಳಿಮಳೆಗಳು ಅದನ್ನು ಸುತ್ತಲೂ ಹರಡುತ್ತವೆ. ನೆಲದೊಳಗಿನ ಶಿಲೆಯಿಂದಲೂ ಆರ್ಸೆನಿಕ್ ಅಂತರ್ಜಲಕ್ಕೆ ಇಳಿಯುತ್ತದೆ. ಈ ಪ್ರದೇಶದ 59 ಕೊಳವೆ ಬಾವಿಗಳ ನೀರನ್ನು ಪರೀಕ್ಷಿಸಿದ ವಿಜ್ಞಾನಿಗಳು 2013ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ನೂರಕ್ಕೆ 79ರಷ್ಟು ಬಾವಿಗಳಲ್ಲಿ ಆರ್ಸೆನಿಕ್ ಮಿತಿಯನ್ನು ಮೀರಿತ್ತು. ತಪಾಸಣೆಗೊಳಗಾದ 181 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಚರ್ಮದ ಮೇಲೆ ಅದರ ಗುರುತುಗಳಿದ್ದವು. ಮೈಮೇಲೆ ಕಪ್ಪು ಬಿಳುಪಿನ ಚುಕ್ಕೆಗಳು, ಅಂಗೈ ಅಂಗಾಲುಗಳಲ್ಲಿ ದಪ್ಪವಾಗಿ ಗಂಟುಗಟ್ಟಿದ ಚರ್ಮ: ಇವು ಆರ್ಸೆನಿಕ್ ವಿಷದ ಲಕ್ಷಣಗಳು. ಈ ಗುರುತುಗಳು ಮೂಡುವುದು ಅಂಥ ನೀರನ್ನು ವರ್ಷಗಟ್ಟಲೆ ಕುಡಿದ ಮೇಲೆ. ಇನ್ನೂ ಮುಂದುವರಿದರೆ ಅರ್ಬುದ ರೋಗಕ್ಕೂ ಅದು ದಾರಿ ಮಾಡಿಕೊಡುತ್ತದೆ.

ಮಿತಿ ಎಂದೆವಲ್ಲ, ಅದೆಷ್ಟು? ಭಾರತೀಯ ಮಾನಕ ಸಂಸ್ಥೆಯು 2012ರಲ್ಲಿ ಪರಿಷ್ಕರಿಸಿದ ಕುಡಿಯುವ ನೀರಿನ ಮಾನಕದ ಪ್ರಕಾರ ಒಂದು ಲೀಟರು ನೀರಿನಲ್ಲಿ ಆರ್ಸೆನಿಕ್ ಆಗಲಿ ಸೀಸವಾಗಲಿ 0.01 ಮಿಲಿಗ್ರಾಮಿಗಿಂತ ಹೆಚ್ಚಿರಬಾರದು. ಕ್ಯಾಡ್ಮಿಯಂ 0.003, ಪಾದರಸ 0.001 ಮಿಲಿಗ್ರಾಂ. ಈ ಅಂಕಿಗಳು ಎಷ್ಟು ಚಿಕ್ಕವೆಂಬುದು ಮನಸ್ಸಿಗೆ ಹಿಡಿಯಬೇಕಾದರೆ ಬೇಸಿಗೆಯಲ್ಲಿ ಊರಿಗೆ ನೀರು ತರುವ ಟ್ಯಾಂಕರುಗಳನ್ನು ನೆನೆಯಿರಿ. ಐದು ಸಾವಿರ ಲೀಟರಿನ ಇಪ್ಪತ್ತು ಟ್ಯಾಂಕರುಗಳ ನೀರನ್ನು ಒಂದೆಡೆ ಕೂಡಿಸಿ, ಅದರಲ್ಲಿ ಕೇವಲ ಒಂದು ಗ್ರಾಂ ಆರ್ಸೆನಿಕ್ ಕರಗಿಸಿದರೆ ಆ ನೀರು ಮಿತಿಯ ಅಂಚಿಗೆ ಬಂದು ನಿಲ್ಲುತ್ತದೆ. ಮೇಲೆ ಹೇಳಿದ ಬಾವಿಗಳಲ್ಲೊಂದರಲ್ಲಿ ಕಂಡ ಅತಿ ಹೆಚ್ಚಿನ ಪ್ರಮಾಣವು ಲೀಟರಿಗೆ 0.303 ಮಿಲಿಗ್ರಾಂ, ಎಂದರೆ ಮಿತಿಯ ಮೂವತ್ತು ಪಟ್ಟು. ಆ ನೀರೂ ತಿಳಿಯಾಗಿಯೇ ಇತ್ತೆಂಬುದನ್ನು ಮರೆಯಬಾರದು.

ಇಂಥ ನೀರನ್ನು ಕಾಯಿಸಿದರೆ ಏನಾಗುತ್ತದೆ? ರೋಗಾಣುವು ಜೀವಿ, ಶಾಖಕ್ಕೆ ಅದು ಸಾಯುತ್ತದೆ. ಲೋಹವಾದರೋ ಮೂಲವಸ್ತು. ಅದನ್ನು ಸುಡಲಾಗದು, ಕೊಳೆಸಲಾಗದು, ಬೇರೆ ನಿರುಪದ್ರವಿ ವಸ್ತುವಾಗಿ ಒಡೆಯಲಾಗದು. ಕಾಯಿಸಿದಾಗ ನೀರು ಆವಿಯಾಗಿ ಹೋಗಿ ಲೋಹವು ಹಿಂದುಳಿಯುತ್ತದೆ. ಆದುದರಿಂದ ಪಾತ್ರೆಯಲ್ಲಿ ಉಳಿದ ನೀರು ಮೊದಲಿಗಿಂತ ತುಸು ಹೆಚ್ಚೇ ವಿಷಮಯವಾಗುತ್ತದೆ. ಲೋಹವನ್ನು ನಾಶಮಾಡುವ ದಾರಿ ಇಲ್ಲದಿರುವಾಗ ನಮಗೆ ಉಳಿದಿರುವ ಉಪಾಯ ಒಂದೇ: ಅದನ್ನು ನೀರಿನಿಂದ ಎತ್ತಿ ಬೇರೊಂದು ಕಡೆ ಇರಿಸುವುದು. ಇದ್ದಿಲು ಮಾಡುವ ಕೆಲಸವೂ ಇಷ್ಟೇ.

ಅಜ್ಜಿ ‘ನುಂಗತೈತಿ’ ಎಂದರೂ ನಿಜವಾಗಿ ಇದ್ದಿಲು ನುಂಗುವುದಿಲ್ಲ, ಅಂಟಿಸಿಕೊಳ್ಳುತ್ತದೆ. ಒಣಬಟ್ಟೆಯನ್ನು ನೀರಿನಲ್ಲಿ ಅದ್ದಿದರೆ ನೀರು ನೂಲಿನ ಒಳಕ್ಕೆಲ್ಲ ಹಬ್ಬುತ್ತದೆ; ಇದು ಹೀರಿಕೆ. ಹಿಟ್ಟಿನ ಗಿರಣಿಗೆ ಹೋದಾಗ ಗೋಡೆಗಳನ್ನೂ ಮೂಲೆಯ ಜೇಡರ ಬಲೆಗಳನ್ನೂ ನೋಡಿದ್ದೀರಷ್ಟೆ? ಗಾಳಿಯಲ್ಲಿ ತೇಲುವ ಹಿಟ್ಟಿನ ಕಣಗಳು ಅವುಗಳ ಮೇಲ್ಮೈಗೆ ಅಂಟಿ ಕುಳಿತಿರುತ್ತವೆ. ಗೋಡೆಯ ಒಳಕ್ಕೆ ಹೋಗಿರುವುದಿಲ್ಲ. ಹೀಗೆ ಒಂದು ಘನವಸ್ತುವಿನ ಮೇಲ್ಮೈಯಲ್ಲಿ ಬೇರೊಂದು ವಸ್ತುವಿನ ಕಣಗಳು ನೆಲೆಯೂರುವುದನ್ನು ಅಧಿಶೋಷಣೆ ಎನ್ನುತ್ತಾರೆ. ಮೇಲ್ಮೈ ಹೆಚ್ಚಿದಷ್ಟೂ ಹಿಡಿಯುವ ಶಕ್ತಿ ಹೆಚ್ಚು. ಗಿರಣಿಯ ಗೋಡೆಗಿಂತ ಜೇಡರ ಬಲೆಯೇ ತನ್ನ ತೂಕಕ್ಕೆ ಹೋಲಿಸಿದರೆ ಹೆಚ್ಚು ಹಿಟ್ಟನ್ನು ಹಿಡಿದಿರುವುದು ಇದರಿಂದಲೇ.

ಇದ್ದಿಲಿನ ಈ ಗುಣವನ್ನು ವಿಜ್ಞಾನಿಗಳು ಗುರುತಿಸಿ ಇನ್ನೂರು ವರ್ಷಗಳ ಮೇಲಾಯಿತು. ಇದ್ದಿಲು ಅನಿಲಗಳನ್ನು ಹಿಡಿಯುತ್ತದೆಂದು ಷೀಲೆಯು 1773ರಲ್ಲಿ ಕಂಡುಕೊಂಡನು. ರಷ್ಯಾದಲ್ಲಿ ಔಷಧ ತಯಾರಿಸುತ್ತಿದ್ದ ಲೋವಿಟ್ಸ್ ಎಂಬವನು 1785ರಲ್ಲಿ, ಕಂದುಬಣ್ಣಕ್ಕೆ ತಿರುಗಿದ ದ್ರಾವಣವು ಇದ್ದಿಲಿನೊಡನೆ ಕೂಡಿದಾಗ ಬಣ್ಣ ಕಳೆದುಕೊಳ್ಳುವುದನ್ನು ಗಮನಿಸಿದನು. ಮುಂದೆ ಸಕ್ಕರೆಯನ್ನು ಬೆಳ್ಳಗಾಗಿಸುವ ಕಾರ್ಖಾನೆಗಳು ಇದೇ ಗುಣವನ್ನು ಬಳಸಿಕೊಂಡವು.

ಒಲೆಯ ಇದ್ದಿಲಿಗಿಂತ ಹೆಚ್ಚು ಚುರುಕಾದುದು ಪಟುಗೊಳಿಸಿದ ಇದ್ದಿಲು. ಇದನ್ನು ತಯಾರಿಸುವ ರೀತಿ ಕಠಿಣವಲ್ಲ, ಆದರೆ ಎಚ್ಚರಿಕೆ ಬೇಕು. ತೆಂಗಿನ ಚಿಪ್ಪನ್ನೋ ಬೆಂಡನ್ನೋ ಗಾಳಿ ಸೋಕದಂತೆ ಮುಚ್ಚಿ ಕಾಯಿಸಿದರೆ ಅದರಲ್ಲಿಯ ನೀರು, ಎಣ್ಣೆ, ಅನಿಲಗಳು ಹೊರಟುಹೋಗಿ ಇಂಗಾಲವು ಉಳಿಯುತ್ತದೆ. ಗಾಳಿ ಧಾರಾಳವಾಗಿ ದೊರೆತರೆ ಉಳಿಯುವುದು ಬೂದಿ ಮಾತ್ರ. ಹೀಗೆ ದೊರೆತ ಇದ್ದಿಲಿನ ಮೇಲೆ 800 ರಿಂದ 1000 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ನೀರಿನ ಹಬೆಯನ್ನು ಹಾಯಿಸುತ್ತಾರೆ. ಹಬೆಯು ಇಂಗಾಲವನ್ನು ಅಲ್ಲಲ್ಲಿ ಕೊರೆದು ಕಣ್ಣಿಗೆ ಕಾಣದ ಅಸಂಖ್ಯ ರಂಧ್ರಗಳನ್ನು ಮಾಡುತ್ತದೆ. ಇಲ್ಲವೆ ಬೆಂಡಿನ ಪುಡಿಯನ್ನು ಮೊದಲೇ ಫಾಸ್ಫಾರಿಕ್ ಆಮ್ಲದಲ್ಲಿ ನೆನೆಯಿಸಿ, ಆಮೇಲೆ ಸುಮಾರು 500 ಡಿಗ್ರಿಯಲ್ಲಿ ಸುಟ್ಟು, ಆಮ್ಲವನ್ನು ತೊಳೆದು ತೆಗೆಯುತ್ತಾರೆ. ರಂಧ್ರಗಳಲ್ಲಿ ಅತಿ ಸೂಕ್ಷ್ಮವಾದವು ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಎರಡು ಭಾಗಕ್ಕಿಂತಲೂ ಕಿರಿದು. ಅವುಗಳ ಗೋಡೆಗಳನ್ನೆಲ್ಲ ಬಿಡಿಸಿ ಹಾಸಲು ಸಾಧ್ಯವಾದರೆ ಒಂದು ಗ್ರಾಂ ಇದ್ದಿಲಿನ ಮೇಲ್ಮೈ ಸುಮಾರು ಒಂದು ಸಾವಿರ ಚದರ ಮೀಟರು ಆದೀತು. ಇದು ಹತ್ತು ಗುಂಟೆ ನೆಲ. ನಾಲ್ಕು ಗ್ರಾಮಿನಲ್ಲಿ ಒಂದು ಎಕರೆ! ಒಂದು ಹಿಡಿಯೂ ತುಂಬದ ಕರಿಯ ಪುಡಿಯಲ್ಲಿ ಎಕರೆಯಷ್ಟು ಹೊಲ ಮಡಿಚಿಟ್ಟಿದೆಯೆಂದರೆ ಆಶ್ಚರ್ಯವಲ್ಲವೆ?

ಇಷ್ಟು ವಿಸ್ತಾರವಾದ ನೆಲವಿದ್ದರೂ ಭಾರಲೋಹಗಳ ಮಟ್ಟಿಗೆ ಸಾಮಾನ್ಯವಾದ ಪಟು ಇದ್ದಿಲು ಅಷ್ಟೇನೂ ಸಮರ್ಥವಲ್ಲ. ಬಣ್ಣ, ವಾಸನೆಗಳನ್ನು ಉಂಟುಮಾಡುವ ಅಣುಗಳು ಬಹುಮಟ್ಟಿಗೆ ಇಂಗಾಲದ ಸಂಯುಕ್ತಗಳು. ನೀರಿನೊಡನೆ ಅವಕ್ಕೆ ಅಷ್ಟು ಹೊಂದಿಕೆಯಿಲ್ಲ. ಇಂಗಾಲದ ಗೋಡೆ ಸಿಕ್ಕಿತೆಂದರೆ ಅಂಟಿಕೊಳ್ಳುತ್ತವೆ. ಲೋಹಗಳ ರೀತಿಯೇ ಬೇರೆ. ಅವು ನೀರಿನಲ್ಲಿ ಅಯಾನುಗಳಾಗಿ, ಎಂದರೆ ವಿದ್ಯುದಾವೇಶವನ್ನು ಹೊತ್ತ ಕಣಗಳಾಗಿ, ಸುತ್ತಲೂ ನೀರಿನ ಅಣುಗಳ ಪರಿವಾರವನ್ನು ಕಟ್ಟಿಕೊಂಡು ಸಂಚರಿಸುತ್ತವೆ. ಆವೇಶವಿಲ್ಲದ ಬರಿಯ ಇಂಗಾಲದ ಗೋಡೆಯಲ್ಲಿ ಅವುಗಳಿಗೆ ಆಕರ್ಷಣೆ ಕಡಿಮೆ. ನೆಲ ಎಷ್ಟಿದ್ದರೇನು, ಬೀಜಕ್ಕೆ ಹೊಂದದ ಮಣ್ಣಾದರೆ ಬೆಳೆ ಬಾರದು. ಬ್ಯಾಡಗಿ ಮೆಣಸಿನಕಾಯಿ ಬೆಳೆಯುವ ನಿಮ್ಮ ಸುತ್ತಿನ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದುದರಿಂದ ಮಣ್ಣನ್ನು ಹದಗೊಳಿಸುವಂತೆ ಇದ್ದಿಲಿನ ಮೇಲ್ಮೈಯನ್ನೂ ಮಾರ್ಪಡಿಸಬೇಕಾಗುತ್ತದೆ.

ಈ ವಿಚಾರವು ಮೊದಲಿಗೆ ದೊಡ್ಡ ಪ್ರಮಾಣದಲ್ಲಿ ಕಾರ್ಯಕ್ಕೆ ಬಂದದ್ದು, ವಿಷಾದದ ಸಂಗತಿ, ಯುದ್ಧದಲ್ಲಿ. 1915ರಲ್ಲಿ ಬೆಲ್ಜಿಯಮಿನ ಈಪ್ರ್ ಎಂಬಲ್ಲಿ ವಿಷಾನಿಲವನ್ನು ಹರಿಯಬಿಟ್ಟ ಮೇಲೆ ಸೈನಿಕರ ಮುಖವಾಡಗಳಲ್ಲಿ ಇದ್ದಿಲನ್ನು ತುಂಬತೊಡಗಿದರು. ಕೆಲವು ಅನಿಲಗಳನ್ನು ಬರಿಯ ಇದ್ದಿಲು ತಡೆಯದೆಂದು ಗೊತ್ತಾದಾಗ ಅದರಲ್ಲಿ ತಾಮ್ರದ ಸಂಯುಕ್ತವನ್ನು ನೆಲೆಗೊಳಿಸಿದರು. ಮುಖವಾಡದ ಇದ್ದಿಲು ಕಲಿಸಿದ ಪಾಠವು ಇಂದು ನೀರಿನ ಶುದ್ಧೀಕರಣದಲ್ಲಿ ಉಪಯೋಗವಾಗುತ್ತಿದೆ.

ಸೀಸ, ಕ್ಯಾಡ್ಮಿಯಂಗಳ ಅಯಾನುಗಳು ಧನಾವೇಶವುಳ್ಳವು. ಅವನ್ನು ಹಿಡಿಯಬೇಕಾದರೆ ಇದ್ದಿಲಿನ ಮೈಮೇಲೆ ಋಣಾವೇಶದ ತಾಣಗಳಿರಬೇಕು. ಪಟು ಇದ್ದಿಲನ್ನು ನೈಟ್ರಿಕ್ ಆಮ್ಲದಲ್ಲಿ ಕಾಯಿಸಿ ತೊಳೆದರೆ ಅದರ ಅಂಚುಗಳಲ್ಲಿ ಆಮ್ಲಜನಕವು ಬಂದು ಸೇರಿ, ಹುಳಿ ಪದಾರ್ಥಗಳಲ್ಲಿ ಇರುವಂಥದೇ ಆದ ಕಾರ್ಬಾಕ್ಸಿಲ್ ಗುಂಪುಗಳು ಹುಟ್ಟಿಕೊಳ್ಳುತ್ತವೆ. ನೀರಿನಲ್ಲಿ ಈ ಗುಂಪುಗಳು ತಮ್ಮ ಜಲಜನಕದ ಅಯಾನನ್ನು ಬಿಟ್ಟುಕೊಟ್ಟು ಋಣಾವೇಶವನ್ನು ತಳೆಯುತ್ತವೆ. ತೆರವಾದ ಆ ಸ್ಥಾನಕ್ಕೆ ಸೀಸವು ಬಂದು ಕುಳಿತುಕೊಳ್ಳುತ್ತದೆ. ನೀರು ಬಹಳ ಆಮ್ಲೀಯವಾಗಿದ್ದರೆ ಮಾತ್ರ ಈ ಕೆಲಸ ಸಾಗದು, ಏಕೆಂದರೆ ಆಗ ಜಲಜನಕದ ಅಯಾನುಗಳೇ ಕಿಕ್ಕಿರಿದು ಸ್ಥಳ ಬಿಟ್ಟುಕೊಡುವುದಿಲ್ಲ. ನಮ್ಮ ಕಡೆಯ ಕೊಳವೆ ಬಾವಿಗಳ ನೀರು ಅನೇಕ ಕಡೆ ಗಡಸು; ಅದರಲ್ಲಿಯ ಕ್ಯಾಲ್ಸಿಯಮ್ಮೂ ಇದೇ ಸ್ಥಾನಗಳಿಗಾಗಿ ಪೈಪೋಟಿ ನಡೆಸುತ್ತದೆ. ಪ್ರಯೋಗಾಲಯದ ಶುದ್ಧ ನೀರಿನಲ್ಲಿ ಸೊಗಸಾಗಿ ದುಡಿದ ಇದ್ದಿಲು ಹಳ್ಳಿಯ ಬಾವಿಯ ನೀರಿನಲ್ಲಿ ಸೋಲುವುದುಂಟು. ಹೊಸ ಇದ್ದಿಲಿನ ಪವಾಡವನ್ನು ಯಾರಾದರೂ ಹೊಗಳಿದರೆ ಅದನ್ನು ಯಾವ ನೀರಿನಲ್ಲಿ ಪರೀಕ್ಷಿಸಿದರೆಂದು ಕೇಳುವುದು ಒಳ್ಳೆಯದು.

ಪಾದರಸಕ್ಕೆ ಗಂಧಕದ ಮೇಲೆ ವಿಶೇಷ ಒಲವು. ನಿಸರ್ಗದಲ್ಲಿ ಅದರ ಮುಖ್ಯ ಅದಿರಾದ ಇಂಗಲೀಕವೂ ಪಾದರಸ ಗಂಧಕಗಳ ಸಂಯುಕ್ತವೇ. ಆದುದರಿಂದ ಗಂಧಕವನ್ನು ಸೇರಿಸಿದ ಇದ್ದಿಲು ಪಾದರಸವನ್ನು ಗಟ್ಟಿಯಾಗಿ ಹಿಡಿಯುತ್ತದೆ.

ಕ್ರೋಮಿಯಮಿನದು ಇನ್ನೊಂದು ಕಥೆ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಉಕ್ಕಿನ ಸಾಮಾನುಗಳಿಗೆ ಹೊಳಪಿನ ಲೋಹಲೇಪನ ಮಾಡುವ ಕಾರ್ಖಾನೆಗಳು ಅನೇಕ. ಲೇಪನದ ತೊಟ್ಟಿಗಳಲ್ಲಿ ಬಳಸುವ ಆರು ವೇಲೆನ್ಸಿಯ ಕ್ರೋಮಿಯಂ ಅಲ್ಲಿಯ ಅಂತರ್ಜಲವನ್ನು ಸೇರಿರುವುದು ಪರೀಕ್ಷೆಗಳಿಂದ ತಿಳಿದುಬಂದಿದೆ. ಇದು ಅರ್ಬುದವನ್ನು ತರಬಲ್ಲ ವಸ್ತು. ಹೆಸರಿಗೆ ಲೋಹವಾದರೂ ನೀರಿನಲ್ಲಿ ಇದು ಆಮ್ಲಜನಕದೊಡನೆ ಕೂಡಿ ಕ್ರೋಮೇಟ್ ಎಂಬ ಋಣಾವೇಶದ ಅಯಾನಾಗಿರುತ್ತದೆ. ಸೀಸಕ್ಕಾಗಿ ನೈಟ್ರಿಕ್ ಆಮ್ಲದಿಂದ ಹದಗೊಳಿಸಿದ ಇದ್ದಿಲು ಇದನ್ನು ಹಿಡಿಯುವ ಬದಲು ದೂರ ತಳ್ಳುತ್ತದೆ! ಇದಕ್ಕೆ ಬೇಕಾದುದು ಸಾರಜನಕದ ಗುಂಪುಗಳನ್ನು ಹೊತ್ತು ಧನಾವೇಶ ತಳೆಯುವ ಇದ್ದಿಲು. ಆಮ್ಲೀಯ ನೀರಿನಲ್ಲಿ ಇದ್ದಿಲು ಇನ್ನೊಂದು ಉಪಕಾರವನ್ನೂ ಮಾಡುತ್ತದೆ: ಆರು ವೇಲೆನ್ಸಿಯ ಕ್ರೋಮಿಯಮನ್ನು ಅಪಕರ್ಷಿಸಿ, ಅದಕ್ಕಿಂತ ಬಹಳ ಕಡಿಮೆ ವಿಷಕಾರಿಯಾದ ಮೂರು ವೇಲೆನ್ಸಿಯ ಕ್ರೋಮಿಯಮ್ಮಾಗಿ ಮಾಡುತ್ತದೆ. ಒಂದು ಇದ್ದಿಲು ಎಲ್ಲ ವಿಷಗಳಿಗೂ ಮದ್ದಾಗದೆಂಬುದು ಇಲ್ಲಿ ಚೆನ್ನಾಗಿ ಕಾಣುತ್ತದೆ.

ಇನ್ನು ಆರ್ಸೆನಿಕ್. ಕಬ್ಬಿಣದ ತುಕ್ಕಿಗೆ ಆರ್ಸೆನಿಕ್ಕನ್ನು ಹಿಡಿಯುವ ಗುಣವಿದೆ. ಆದುದರಿಂದ ಕಬ್ಬಿಣದ ಲವಣದ ದ್ರಾವಣದಲ್ಲಿ ಇದ್ದಿಲನ್ನು ನೆನೆಯಿಸಿ, ಅದರ ರಂಧ್ರಗಳ ಗೋಡೆಗೆ ತುಕ್ಕಿನ ತೆಳುವಾದ ಲೇಪ ಕೂಡುವಂತೆ ಮಾಡುತ್ತಾರೆ. ಇಲ್ಲಿಯೂ ಒಂದು ತೊಡಕುಂಟು. ಗಾಳಿಯ ಸಂಪರ್ಕವಿಲ್ಲದ ಆಳದ ನೀರಿನಲ್ಲಿ ಆರ್ಸೆನಿಕ್ ಬಹುಮಟ್ಟಿಗೆ ಆರ್ಸೆನೈಟ್ ರೂಪದಲ್ಲಿ, ಆವೇಶವಿಲ್ಲದೆ ಇರುತ್ತದೆ. ಆ ರೂಪದಲ್ಲಿ ಅದು ಸುಲಭವಾಗಿ ಸಿಕ್ಕುವುದಿಲ್ಲ. ಮೊದಲು ಅದನ್ನು ಉತ್ಕರ್ಷಿಸಿ ಆರ್ಸೆನೇಟ್ ಆಗಿ ಮಾರ್ಪಡಿಸಿಕೊಂಡರೆ ಕೆಲಸ ಹಗುರವಾಗುತ್ತದೆ.

ಅಜ್ಜಿಯ ಗಡಿಗೆಗಳು ನನಗೆ ಮತ್ತೆ ನೆನಪಾದದ್ದು ಬಂಗಾಳದ ಕಥೆಯನ್ನು ಓದಿದಾಗ. ಕೆರೆಕೊಳಗಳ ನೀರಿನಿಂದ ಕಾಲರಾ, ಆಮಶಂಕೆಗಳು ಹರಡುತ್ತಿದ್ದ ಆ ಪ್ರದೇಶದಲ್ಲಿ ರೋಗಾಣುಗಳಿಲ್ಲದ ನೀರಿಗಾಗಿ ಲಕ್ಷಗಟ್ಟಲೆ ಕೊಳವೆ ಬಾವಿಗಳನ್ನು ತೋಡಿದರು. ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ ಆ ಆಳದ ನೀರಿನಲ್ಲಿ ಆರ್ಸೆನಿಕ್ ಇದೆಯೇ ಎಂದು ಪರೀಕ್ಷಿಸಿರಲಿಲ್ಲ. ಪಶ್ಚಿಮ ಬಂಗಾಳದಲ್ಲಿ 1983ರಲ್ಲಿಯೂ ಬಾಂಗ್ಲಾದೇಶದಲ್ಲಿ 1993ರಲ್ಲಿಯೂ ಸಂಗತಿ ಹೊರಬಿದ್ದಿತು. ಬಾಂಗ್ಲಾದೇಶದ ಕುಷ್ಟಿಯಾದಲ್ಲಿ ಹುಟ್ಟಿದ ರಸಾಯನ ವಿಜ್ಞಾನಿ ಅಬುಲ್ ಹುಸಾಮ್ ಅವರು ಇದಕ್ಕೆ ಪರಿಹಾರವನ್ನು ಅರಸುತ್ತ, ತಮ್ಮ ನಾಡಿನ ಮನೆಗಳಲ್ಲಿ ಬಳಕೆಯಲ್ಲಿದ್ದ ಮೂರು ಕೊಡಗಳ ಶೋಧಕವನ್ನೇ ಆಧಾರವಾಗಿಟ್ಟುಕೊಂಡರು. ಮರಳು, ಇಟ್ಟಿಗೆಯ ಚೂರು, ಕಟ್ಟಿಗೆಯ ಇದ್ದಿಲು ಇವುಗಳೊಡನೆ ಸಂಸ್ಕರಿಸಿದ ಕಬ್ಬಿಣದ ಚೂರುಗಳ ಒಂದು ಪದರವನ್ನು ಸೇರಿಸಿದರು. ಅಲ್ಲಿ ಆರ್ಸೆನಿಕ್ಕನ್ನು ಹಿಡಿಯುವುದು ಕಬ್ಬಿಣ. ಇದ್ದಿಲಿನ ಕೆಲಸ ಹಿಂದಿನಂತೆ ಇತರ ಕಲ್ಮಷಗಳನ್ನು ಕಳೆಯುವುದು. ವಿದ್ಯುತ್ತು ಬೇಡದ ಈ ಸರಳ ಸಾಧನಕ್ಕೆ 2007ರಲ್ಲಿ ಅಮೆರಿಕದಲ್ಲಿ ಹತ್ತು ಲಕ್ಷ ಡಾಲರುಗಳ ಗ್ರೇಂಜರ್ ಪುರಸ್ಕಾರವು ದೊರೆಯಿತು. ನಮ್ಮ ಅಜ್ಜಿಯಂದಿರ ಚೌಕಟ್ಟಿನಲ್ಲಿ ಕೊರತೆಯಾಗಿದ್ದುದು ಒಂದು ಪದರ ಮಾತ್ರವೆಂದು ಅಭಿಮಾನದಿಂದ ಹೇಳಬೇಕೆನಿಸುತ್ತದೆ. ಆದರೆ ಆ ಒಂದು ಪದರವನ್ನು ಸರಿಯಾಗಿ ರೂಪಿಸುವುದಕ್ಕೆ ವರ್ಷಗಳ ಪರಿಶ್ರಮ ಬೇಕಾಯಿತು.

‘ಹೊಟ್ಟಿ ತುಂಬಿದ ಮ್ಯಾಲ’ ಎಂದು ಅಜ್ಜಿ ಹೇಳಿದ್ದ ಮಾತಿಗೆ ಈಗ ಬರೋಣ. ಮಾರ್ಪಡಿಸಿದ ಒಂದು ಗ್ರಾಂ ಇದ್ದಿಲು ಒಂದು ಮಿಲಿಗ್ರಾಂ ಆರ್ಸೆನಿಕ್ಕನ್ನು ಹಿಡಿಯುತ್ತದೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಹಾಗಿದ್ದಲ್ಲಿ ಒಂದು ಕಿಲೋಗ್ರಾಮಿನ ಶಕ್ತಿ ಸಾವಿರ ಮಿಲಿಗ್ರಾಂ. ಲೀಟರಿಗೆ 0.3 ಮಿಲಿಗ್ರಾಂ ಆರ್ಸೆನಿಕ್ ಇರುವ ನೀರನ್ನು ಅದರ ಮೂಲಕ ಹಾಯಿಸಿದರೆ ಹೆಚ್ಚೆಂದರೆ ಸುಮಾರು 3300 ಲೀಟರು ಶುದ್ಧವಾದೀತು. ಕುಡಿಯುವುದಕ್ಕೂ ಅಡುಗೆಗೂ ದಿನಕ್ಕೆ 20 ಲೀಟರು ಬಳಸುವ ಮನೆಗೆ ಇದು ಐದೂವರೆ ತಿಂಗಳಿಗೆ ಸಾಕು. ವಾಸ್ತವದಲ್ಲಿ ಅಷ್ಟು ದಿನವೂ ಬಾರದು, ಏಕೆಂದರೆ ನೀರಿನಲ್ಲಿಯ ಫಾಸ್ಫೇಟು, ಸಿಲಿಕಗಳೂ ಸ್ಥಳವನ್ನು ಆಕ್ರಮಿಸುತ್ತವೆ. ವಾಸನೆಯನ್ನು ಹಿಡಿಯುವ ಇದ್ದಿಲು ಸೋತರೆ ಮೂಗು ಕೂಡಲೇ ಹೇಳುತ್ತದೆ. ಆರ್ಸೆನಿಕ್ಕನ್ನು ಹಿಡಿಯುವ ಇದ್ದಿಲು ಸೋತ ದಿನವೂ ನೀರು ನಿನ್ನೆಯಂತೆಯೇ ತಿಳಿಯಾಗಿ ತೊಟ್ಟಿಕ್ಕುತ್ತಿರುತ್ತದೆ. ಶೋಧಕವಿದೆಯಲ್ಲ ಎಂಬ ಧೈರ್ಯದಿಂದ ಮನೆಯವರು ಅದನ್ನು ಕುಡಿಯುತ್ತಿರುತ್ತಾರೆ. ಕಾಲಕಾಲಕ್ಕೆ ನೀರನ್ನು ಪರೀಕ್ಷಿಸುವ ಏರ್ಪಾಡಿಲ್ಲದೆ ಶೋಧಕವನ್ನು ಮಾತ್ರ ಹಂಚುವುದು ಅಪಾಯಕಾರಿ. ವಿಷವಿರುವ ಬಾವಿಯನ್ನು ಬಿಟ್ಟು ಬೇರೆ ಕಡೆಯಿಂದ ಒಳ್ಳೆಯ ನೀರನ್ನು ತರಲು ಸಾಧ್ಯವಿರುವಲ್ಲಿ ಅದನ್ನೇ ಮೊದಲು ಮಾಡಬೇಕೆಂಬುದು ನನ್ನ ಅಭಿಪ್ರಾಯ. ಕಾರ್ಖಾನೆಗಳ ವಿಷಯದಲ್ಲಿಯಂತೂ ನೀರು ಬಾಗಿಲು ದಾಟುವ ಮುನ್ನವೇ ಲೋಹವನ್ನು ತೆಗೆಯಬೇಕು. 1974ರ ಜಲಮಾಲಿನ್ಯ ನಿಯಂತ್ರಣ ಅಧಿನಿಯಮವು ಕಶ್ಮಲವನ್ನು ಮನಬಂದಂತೆ ಹೊರಬಿಡುವುದನ್ನು ನಿಷೇಧಿಸುತ್ತದೆ.

ಹೊಟ್ಟೆ ತುಂಬಿದ ಇದ್ದಿಲನ್ನು ಏನು ಮಾಡಬೇಕು? ಅಜ್ಜಿ ಅದನ್ನು ತಿಪ್ಪೆಗೆ ಚೆಲ್ಲುತ್ತಿದ್ದರು. ಕೆರೆಯ ಕೊಳೆಯನ್ನು ಹಿಡಿದ ಆ ಇದ್ದಿಲು ಗೊಬ್ಬರದೊಡನೆ ಹೊಲ ಸೇರಿದರೆ ಕೇಡೇನೂ ಇರಲಿಲ್ಲ. ಸೀಸವನ್ನೋ ಆರ್ಸೆನಿಕ್ಕನ್ನೋ ಹಿಡಿದ ಇದ್ದಿಲನ್ನು ಹಾಗೆ ಚೆಲ್ಲಿದರೆ, ನೀರಿನಿಂದ ಅಷ್ಟು ಕಷ್ಟಪಟ್ಟು ತೆಗೆದ ವಿಷವು ಮಳೆಗೆ ತೊಳೆದು ಮತ್ತೆ ಮಣ್ಣಿಗೆ, ಮಣ್ಣಿನಿಂದ ಅದೇ ಬಾವಿಗೆ ಹಿಂದಿರುಗುತ್ತದೆ. ಸೀಸವನ್ನು ಹಿಡಿದ ಇದ್ದಿಲನ್ನು ಆಮ್ಲದಿಂದಲೂ ಆರ್ಸೆನಿಕ್ ಹಿಡಿದುದನ್ನು ಕ್ಷಾರದಿಂದಲೂ ತೊಳೆದು ಮತ್ತೆ ಕೆಲವು ಬಾರಿ ಬಳಸಬಹುದು. ಆದರೆ ತೊಳೆದ ದ್ರಾವಣದಲ್ಲಿ ವಿಷವು ಮೊದಲಿಗಿಂತ ನೂರಾರು ಪಟ್ಟು ದಟ್ಟವಾಗಿರುತ್ತದೆ. ಅದರಿಂದ ಲೋಹವನ್ನು ಗಷ್ಟಾಗಿ ಇಳಿಸಿ, ಸಿಮೆಂಟಿನಲ್ಲಿ ಬಂಧಿಸಿ, ಕೆಳಕ್ಕೆ ಸೋರದಂತೆ ಪದರಗಳನ್ನು ಹಾಸಿದ ಗುಂಡಿಗಳಲ್ಲಿ ಹೂಳುತ್ತಾರೆ. ಅಂಥ ಗುಂಡಿಯನ್ನು ಮುಚ್ಚಿದ ಮೇಲೆಯೂ ಅದರ ಸುತ್ತಲಿನ ಬಾವಿಗಳ ನೀರನ್ನು ವರ್ಷ ವರ್ಷವೂ ಪರೀಕ್ಷಿಸುತ್ತಲೇ ಇರಬೇಕಾಗುತ್ತದೆ.